ಜಾಹೀರಾತಿಗೆ ಬಾಗಿಲು ಹಾಕಿದ ಮೈಕ್ ಕರಿಬಸಪ್ಪ

ಶನಿವಾರಸಂತೆಯಲ್ಲಿ ಹುಟ್ಟಿ ಬೆಳೆದವರಲ್ಲಿ ಮೈಕ್ ಕರಿಬಸಪ್ಪನವರ ದನಿ ಕೇಳದವರು ಯಾರೂ ಇಲ್ಲ. ಕಿವಿಗೆ ಹತ್ತಿ ತುರುಕಿಕೊಂಡವರಿಗೂ ಅರ್ಧ ಕೇಳುತ್ತಿತ್ತು. ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಸಿ, ಡ್ರೈವರನ ಪಕ್ಕ ಅರ್ಧ ಮೈ ಹೊರಗಿಟ್ಟು ಕೂತು, ಸಂತೆಯ ದಿನ ಬೆಳಗಿನಿಂದ ಸಂಜೆತನಕ ಊರು ಸುತ್ತುತ್ತಿದ್ದರು. ಬಿತ್ತನೆ ಶುಂಠಿ, ಹಲ್ಲುಪುಡಿ, ಕಂಬಳಿ, ಪ್ಲಾಸ್ಟಿಕ್ ಬಕೀಟು, ಕಂಪನಿ ನಾಟಕ, ಕಳೆದುಹೋದ ಹಸು, ಯಾವುದಾದರೂ ಸರಿ. ಊರಿನ ಹಿರಿಯರು ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನೂ ಅವರೇ ಕೂಗಬೇಕು. "ಶಿವೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ" ಎಂದು ದನಿ ಒದ್ದೆ ಮಾಡಿಕೊಂಡು, ಅದೇ ಉಸಿರಿನಲ್ಲಿ ಸೀರೆ ಅಂಗಡಿಗೆ ಜಿಗಿಯುತ್ತಿದ್ದರು. ನಮ್ಮ ಮಾವ ತೀರಿಕೊಂಡಾಗ, ಒಂದು ಕೊಂಡರೆ ಒಂದು ಉಚಿತ ಅನ್ನೋದು ಯಾವುದಕ್ಕೆ ಸೇರಿದ್ದು ಅಂತ ನೆಂಟರೊಬ್ಬರು ನನ್ನನ್ನೇ ಕೇಳಿದ್ದರು.

ನಾನು ಉಷಾರಾಣಿ. ಅವರ ಮನೆಯ ಮುಂದಿನ ರೂಮಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬಾಡಿಗೆಯ ಜೊತೆಗೆ ಅವರ ವೈಫೈ ನನಗೆ ಉಚಿತ, ವೈಫೈ ಜೊತೆಗೆ ಅವರ ಭಾಷಣವೂ ಉಚಿತ. ಬೇಡವೆಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ.

ಸಂತೆಮಾಳದ ಹತ್ತಿರ ಸ್ಕೂಲು, ಆಸ್ಪತ್ರೆ ಇವೆಯೆಂದು ಪಂಚಾಯ್ತಿಯವರು ಮೈಕಿಗೆ ಅನುಮತಿ ನಿಲ್ಲಿಸಿದ ಮೇಲೆ ಕರಿಬಸಪ್ಪನವರು ಜಗಲಿಯ ಕುರ್ಚಿಗೆ ಬಂದರು. ಮಗ ಕೀರ್ತಿಕುಮಾರ ಕೈಗೊಂದು ದೊಡ್ಡ ಫೋನು ಕೊಟ್ಟ. ಅದರಲ್ಲಿ ಪೇಪರ್ ಓದಲು ಹೋದರೆ ಸುದ್ದಿಯ ಮೇಲೆ ಮಂಡಿನೋವಿನ ಎಣ್ಣೆ ಬಂದು ಕೂರುತ್ತಿತ್ತು. ಅದನ್ನು ಮುಚ್ಚುವ ಗುಣಾಕಾರದ ಗುರುತು ಸಾಸಿವೆಯಷ್ಟು, ಇವರ ಬೆರಳು ಬದನೆಕಾಯಿಯಷ್ಟು. ಒತ್ತಿದ್ದೊಂದು, ತೆರೆದದ್ದು ಕೂದಲು ಬೆಳೆಸುವ ಅಂಗಡಿ. ಒಂದು ಬೆಳಿಗ್ಗೆ ಫೋನನ್ನು ತೊಡೆಗೆ ಬಡಿದುಕೊಂಡು ನನ್ನ ಕಡೆ ತಿರುಗಿದರು.

"ಕೇಳ್ದೇ ಇರೋರ ಕಿವಿಗೆ ಬಂದು ಕೂಗೋಕೆ ಇವರಿಗೇನು ಹಕ್ಕು ಉಷಮ್ಮ? ಮನುಷ್ಯ ಅಂದ್ಮೇಲೆ ಒಂದು ನಾಚಿಕೆ ಬೇಡ್ವಾ?"

ನನ್ನ ಮಿಷನ್ನು ತಾನಾಗಿ ನಿಂತುಹೋಯಿತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತ ಕೇಳಿದ್ದೆ, ಎದುರಿಗೇ ಕೂತು ನೋಡಿರಲಿಲ್ಲ. "ನೀವೂ ಅದನ್ನೇ ಮಾಡ್ತಿದ್ರಲ್ಲ ಯಜಮಾನ್ರೇ" ಅಂದೆ.

"ಅದು ಜನಕ್ಕೆ ಬೇಕಾದ ವಿಷಯ ಕಣಮ್ಮ. ಇದು ಕಿರಿಕಿರಿ."

ಕೀರ್ತಿಕುಮಾರನದು ಸಿಸಿ ಕ್ಯಾಮೆರಾ, ಇನ್ವರ್ಟರ್ ಕೂರಿಸುವ ಕೆಲಸ. ಅಪ್ಪನ ಗೋಳು ತಡೆಯಲಾರದೆ ಒಂದು ಚಿಕ್ಕ ಪೆಟ್ಟಿಗೆ ತಂದು, ಮನೆಗೆ ಬರುವ ಇಂಟರ್ನೆಟ್ಟಿನ ತಂತಿಗೂ ವೈಫೈಗೂ ನಡುವೆ ಕೂರಿಸಿದ. ಫೈರ್‌ವಾಲ್ ಅಂದ. ನಮ್ಮನ್ನೆಲ್ಲ ನಿಲ್ಲಿಸಿಕೊಂಡು ವಿವರಿಸಿದ.

"ಫೋನು ಯಾವ ಪುಟ ತೆರೆಯೋಕೂ ಮೊದಲು ಅದರ ಹೆಸರು ಹೇಳಿ ವಿಳಾಸ ಕೇಳುತ್ತೆ ಅಪ್ಪಾಜಿ. ವಿಳಾಸ ಹೇಳೋ ವ್ಯವಸ್ಥೆಗೆ ಡಿಎನ್‌ಎಸ್ ಅಂತಾರೆ. ಇನ್ಮೇಲೆ ಈ ಮನೆ ಫೋನೆಲ್ಲ ಈ ಪೆಟ್ಟಿಗೇನೇ ಕೇಳ್ಬೇಕು. ಜಾಹೀರಾತಿನವರ ಹೆಸರು ಬಂದ್ರೆ, ಅಂಥವರು ಯಾರೂ ಇಲ್ಲ ಅಂದ್ಬಿಡುತ್ತೆ. ಒಂದೊಂದು ಫೋನಿಗೂ ಬೇರೆ ಬೇರೆ ಏನೂ ಹಾಕೋದು ಬೇಡ. ಕಳ್ಳದಾರೀಲಿ ಹೊರಗಿನವರನ್ನ ಕೇಳೋಕೆ ಹೋಗೋ ಫೋನಿಗೂ ಬೇಲಿ ಹಾಕಿದೀನಿ."

"ಚೀಟಿಯವ್ನು ಬಂದಾಗ ನಾನು, ಅವ್ರು ಮನೇಲಿಲ್ಲ ಅಂತೀನಲ್ಲ, ಹಂಗೆ" ಎಂದರು ಒಳಗಿನಿಂದ ಅವರ ಹೆಂಡತಿ ಸುಲೋಚನಮ್ಮ.

"ಅಷ್ಟೇ ಅಮ್ಮ. ನನಗಿಂತ ಚೆನ್ನಾಗಿ ಹೇಳಿದ್ರಿ."

ವಿಡಿಯೋ ನೋಡುವ ಕಡೆಯ ಜಾಹೀರಾತು ಮಾತ್ರ ಈ ಬೇಲಿಗೆ ಬಗ್ಗಲಿಲ್ಲ. ವಿಡಿಯೋ ಬರೋ ವಿಳಾಸದಿಂದಲೇ ಅದೂ ಬರುತ್ತದೆ, ಅದನ್ನು ತಡೆದರೆ ವಿಡಿಯೋನೂ ನಿಲ್ಲುತ್ತದೆ ಎಂದ ಮಗ. ಹಾಗಾದರೆ ವಿಡಿಯೋನೇ ಬೇಡ ಎಂದು ಕರಿಬಸಪ್ಪನವರು ತೀರ್ಪು ಕೊಟ್ಟರು. ಸುಲೋಚನಮ್ಮ ಮಧ್ಯಾಹ್ನ ಕೇಳುತ್ತಿದ್ದ ವಚನಗಳಿಗೂ ಅಡುಗೆಯ ವಿಡಿಯೋಗಳಿಗೂ ಅಲ್ಲಿಗೆ ಮಂಗಳ. ಆಕೆ ಸೊಸೆ ಶರ್ಮಿಳಾಳಿಂದ ಫೋನಿನಲ್ಲಿ ಲೂಡೋ ಆಡುವುದನ್ನು ಕಲಿತುಕೊಂಡರು.

ಕೊಟ್ಟಿದ್ದು ಪೆಟ್ಟಿಗೆ, ಬಂದದ್ದು ಪಟ್ಟ. ಪ್ರತಿ ಸಂಜೆ, ಇವತ್ತು ಸಾವಿರಾರು ಜನ ನಮ್ಮ ಬಾಗಿಲಿಂದ ವಾಪಸ್ಸು ಹೋದರು ಎಂದು ಮಗನಿಂದ ಕೇಳಿ ತಿಳಿದುಕೊಂಡು ನನ್ನ ಗಿರಾಕಿಗಳಿಗೆಲ್ಲ ಕೂಗಿ ಹೇಳುವರು. ನೆಂಟರು ಬಂದರೆ ಕಾಫಿಗಿಂತ ಮೊದಲು ಪೆಟ್ಟಿಗೆಯ ದರ್ಶನ. ನನ್ನ ಬ್ಲೌಸ್ ಡಿಸೈನಿನ ಲಿಂಕೊಂದು ತೆರೆಯದೆ ಹೋದಾಗ, ಸ್ವಲ್ಪ ಬಿಡಿಸಿಕೊಡಿ ಎಂದು ಕೇಳಿದೆ. ಯಾರದು, ಯಾಕೆ, ಡಿಸೈನಿನ ಪುಸ್ತಕ ನೋಡಿ ಹೊಲಿದರೆ ಆಗಲ್ಲವಾ ಎಂದು ನ್ಯಾಯಪಂಚಾಯ್ತಿಗೇ ಕೂತರು. ನಮ್ಮ ಬೀದಿಯಲ್ಲಿ ಟವರಿನ ಸಿಗ್ನಲ್ ಹೇಳಿಕೊಳ್ಳುವ ಹಾಗಿಲ್ಲ, ಅವರ ವೈಫೈ ಬಿಟ್ಟರೆ ನನಗೆ ಗತಿಯಿಲ್ಲ. ಬಾಯಿ ಮುಚ್ಚಿಕೊಂಡು ಪುಸ್ತಕ ನೋಡಿ ಹೊಲಿದೆ.

ಇಷ್ಟೆಲ್ಲ ಆರ್ಭಟದ ಒಳಗೆ ಒಂದು ನೋವಿತ್ತು ಅನ್ನೋದನ್ನೂ ಹೇಳಬೇಕು. ಸುತ್ತಲ ಹಳ್ಳಿಗಳಿಂದ ಸಂತೆಗೆ ಬರುವವರಿಗೆ ಅವರ ಮುಖ ಗೊತ್ತಿರಲಿಲ್ಲ, ದನಿ ಮಾತ್ರ ಗೊತ್ತಿತ್ತು. ಮೈಕ್ ನಿಂತ ಮೇಲೆ ಸಂತೆಯಲ್ಲಿ ಅವರು ಚೀಲ ಹಿಡಿದ ಇನ್ನೊಬ್ಬ ಮುದುಕ. ಬೆನ್ನಿಗೆ ಮೊಣಕೈ ತಾಗಿಸಿ, ಪಕ್ಕಕ್ಕೆ ಸರ್ಕೊಳ್ಳಿ ತಾತ ಅನ್ನುತ್ತಿದ್ದರು ಜನ. ಅದನ್ನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ಮಹೇಶ್ ಬಂದ ದಿನ ನನಗೂ ಸಂತೋಷವಾಯಿತು. ಕುಶಾಲನಗರದ ಕಡೆಯವನು, ಸಂತೆಮಾಳದ ಹತ್ತಿರ ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಸ್ಪ್ರೇಯರಿನ ಹೊಸ ಅಂಗಡಿ ತೆರೆದಿದ್ದ. ಈ ಸುತ್ತಿನ ಫೋನುಗಳಿಗೆಲ್ಲ ತನ್ನ ಅಂಗಡಿಯ ಜಾಹೀರಾತು ಬರುವಂತೆ ಮಾಡುವ ಯೋಚನೆ.

"ಕರಿಬಸಪ್ನೋರೆ, ನಿಮ್ಮ ದನಿ ಕೇಳಿದ್ರೆ ಈ ಕಡೆಯವರಿಗೆ ಸಂತೆ ನೆನಪಾಗುತ್ತೆ. ಇದೊಂದು ಚೆನ್ನಾಗಿ ನಡೆದ್ರೆ ವರ್ಷಪೂರ್ತಿ ನಮ್ಮ ಪ್ರಚಾರಕ್ಕೆಲ್ಲ ನೀವೇ."

ಕರಿಬಸಪ್ಪನವರು ಎರಡು ದಿನ ತಣ್ಣೀರು ಮುಟ್ಟಲಿಲ್ಲ. ಶುಂಠಿ ಕಷಾಯ ಕುಡಿದು, ಬಚ್ಚಲಲ್ಲಿ ಅಭ್ಯಾಸ ಮಾಡಿ, ವಿಭೂತಿ ಹಚ್ಚಿಕೊಂಡು ದನಿ ರೆಕಾರ್ಡ್ ಮಾಡಿಸಲು ಹೊರಟರು. ಮೊದಲು ಅಂಗಡಿಯ ಹೆಸರು ಹೇಳಿಬಿಡಿ, ಚುಟುಕಾಗಿರಲಿ ಎಂದು ಮಹೇಶ್ ಬೇಡಿಕೊಂಡನಂತೆ. ಮನೆಗೆ ಬಂದು ಅದನ್ನು ಹೇಳುವಾಗಲೂ ಇವರ ಮೂಗಿನ ಹೊಳ್ಳೆ ಅರಳುತ್ತಿತ್ತು.

"ಸಂಬೋಧನೆ ಇಲ್ದೆ ಶುರು ಮಾಡೋಕೆ ನಾನೇನು ಕೊತ್ತಂಬರಿ ಮಾರೋನಾ? ಶನಿವಾರಸಂತೆ ಹಾಗೂ ಸುತ್ತಮುತ್ತಲ ಸಮಸ್ತ ಗ್ರಾಮಗಳ ಮಹಾಜನಗಳೇ, ರೈತ ಬಾಂಧವರೇ, ತಾಯಂದಿರೇ, ಅಣ್ಣ ತಮ್ಮಂದಿರೇ! ಅಂದ್ರೆ ಜನ ನಿಂತ್ಕೋಬೇಕು. ನಿಂತ್ಮೇಲೆ ತಾನೇ ವಿಷಯ?"

ಶುಕ್ರವಾರ ಸಂಜೆಯಿಂದ ಜಾಹೀರಾತು ಶುರು ಎಂದು ಮಹೇಶ್ ಹೇಳಿದ್ದ. ಆ ಸಂಜೆ ಕರಿಬಸಪ್ಪನವರ ಮನೆಯಲ್ಲಿ ಸಣ್ಣ ಮದುವೆಯದೇ ಸಡಗರ. ಬೀಗರು, ದಾಯಾದಿಗಳು, ಎದುರುಮನೆಯವರು, ನಾನು. ಸುಲೋಚನಮ್ಮ ಕಡುಬು ಬೇಯಿಸಿದ್ದರು. ಎಲ್ಲರ ಫೋನಿಗೂ ವೈಫೈ ಕೊಟ್ಟು, ನೀವು ಪೇಪರ್ ತೆಗೀರಿ, ನೀವು ಲೂಡೋ ಆಡ್ರಿ, ನೀವು ಕ್ರಿಕೆಟ್ ಸ್ಕೋರ್ ನೋಡ್ರಿ ಎಂದು ಕೂರಿಸಿದರು. ಪುಟಗಳು ತೊಳೆದಿಟ್ಟ ತಟ್ಟೆಯ ಹಾಗೆ ಬೋಳಾಗಿ ತೆರೆದುಕೊಂಡವು. ಲೂಡೋ ಮುಗಿದು ಇನ್ನೊಂದು ಲೂಡೋ ಶುರುವಾಯಿತು, ನಡುವೆ ಜಾಹೀರಾತಿನ ಒಂದು ಕೆಮ್ಮೂ ಇಲ್ಲ. ಕೀರ್ತಿಕುಮಾರ ಪಾಲಿಬೆಟ್ಟದ ಯಾವುದೋ ಎಸ್ಟೇಟಿಗೆ ಕ್ಯಾಮೆರಾ ಕೂರಿಸಲು ಹೋಗಿದ್ದ, ಬರುವುದು ಬೆಳಿಗ್ಗೆ.

ಕಡೆಗೆ ಸುಲೋಚನಮ್ಮನೇ ಬಾಯಿ ಬಿಟ್ಟರು. "ಏನ್ರೀ, ಬರೋರನ್ನೆಲ್ಲ ಬಾಗ್ಲಲ್ಲೇ ತಡೆದು ಕೂತಿದ್ದೀರಿ. ನಿಮ್ದು ಹೆಂಗೆ ಒಳಗೆ ಬತ್ತದೆ?"

"ತಡೆದಿರೋದು ಜಾಹೀರಾತನ್ನ ಕಣೇ. ನಂದು ಪ್ರಕಟಣೆ. ಅಷ್ಟು ತಿಳುವಳಿಕೆ ಆ ಪೆಟ್ಟಿಗೆಗೂ ಇರುತ್ತೆ."

ನೆಂಟರು ಕಡುಬು ತಿಂದು, ಬರುತ್ತೆ ಬಿಡಿ, ಬಂದೇ ಬರುತ್ತೆ ಎಂದು ಸಮಾಧಾನ ಹೇಳಿ ಹೋದರು. ಸಾವಿನ ಮನೆಯಲ್ಲಿ ಹೇಳುವಂಥ ಸಮಾಧಾನ ಅದು. ಕರಿಬಸಪ್ಪನವರು ಊಟ ಮಾಡಲಿಲ್ಲ.

ಮರುದಿನ ಸಂತೆ. ಸೊಪ್ಪು ತರಲು ಹೋದ ನನಗೆ ಮಹೇಶನ ಅಂಗಡಿಯ ಮುಂದೆ ಗುಂಪು ಕಂಡಿತು. ಮೈಕಿಲ್ಲದಿದ್ದರೂ ಆ ದನಿ ಸಂತೆಯ ಆ ತುದಿಗೆ ಕೇಳುತ್ತಿತ್ತು.

"ನನ್ನ ದನಿ ಇಸ್ಕೊಂಡು ಮೂಲೆಗೆ ಬಿಸಾಕಿದೀಯ! ನಿನ್ನೆ ಎಲ್ಲಾರ ಮುಂದೆ ನನ್ನ ಮಾನ ಕಳೆದೆ! ಮೋಸಗಾರ!"

ಮಹೇಶ್ ತನ್ನ ಫೋನಿನಲ್ಲಿ ಜಾಹೀರಾತು ತೋರಿಸಿದ. ನಿನ್ನ ಫೋನಲ್ಲಿ ನೀನೇ ಇಟ್ಕೊಂಡಿರ್ತೀಯ ಎಂದರು ಇವರು. ಸ್ಪ್ರೇಯರ್ ಕೊಳ್ಳಲು ಬಂದಿದ್ದ ಜವರ ಎನ್ನುವ ರೈತ, "ನಂದ್ರಲ್ಲಿ ನೋಡಾನ ಇರಿ" ಎಂದು ಫೋನು ತೆಗೆದು ಕೇರಂ ಆಟ ಒತ್ತಿದ. ಆಟದ ಬದಲು ದನಿ ಬಂತು. ಶನಿವಾರಸಂತೆ ಹಾಗೂ ಸುತ್ತಮುತ್ತಲ ಸಮಸ್ತ ಗ್ರಾಮಗಳ ಮಹಾಜನಗಳೇ, ರೈತ ಬಾಂಧವರೇ, ತಾಯಂದಿರೇ... ಅಷ್ಟಕ್ಕೆ ಗುಣಾಕಾರದ ಗುರುತು ಮೂಡಿತು, ಜವರನ ಹೆಬ್ಬೆರಳು ಅಭ್ಯಾಸಬಲದಿಂದ ಅದನ್ನು ಒತ್ತಿತು. "ಬತ್ತದಲ್ಲ! ನಿನ್ನೆಯಿಂದ ಬತ್ತಾನೇ ಐತೆ" ಅಂದ. ಇನ್ನೂ ನಾಲ್ಕು ಜನ ತಮ್ಮ ತಮ್ಮ ಫೋನು ತೆಗೆದರು. ಎಲ್ಲದರಲ್ಲೂ ಕರಿಬಸಪ್ಪನವರೇ. ಎಲ್ಲದರಲ್ಲೂ ತಾಯಂದಿರ ಹತ್ತಿರ ಬಂದು ಸಾಯುತ್ತಿದ್ದರು. ಅಣ್ಣ ತಮ್ಮಂದಿರ ತನಕ ಯಾವ ಫೋನಿನಲ್ಲೂ ದನಿ ಮುಟ್ಟಲಿಲ್ಲ.

ಆ ಹೊತ್ತಿಗೆ ಬಸ್ಸಿಳಿದು ಬರುತ್ತಿದ್ದ ಕೀರ್ತಿಕುಮಾರ ಗುಂಪಿನೊಳಗೆ ನುಗ್ಗಿ ಅಪ್ಪನ ತೋಳು ಹಿಡಿದ. "ಅಪ್ಪಾಜಿ, ಊರಿಗೆಲ್ಲ ಬರುತ್ತೆ, ನಮ್ಮನೇಲಿ ಮಾತ್ರ ಬರಲ್ಲ. ನೀವೇ ಹಾಕ್ಸಿದ ಬೇಲಿ ಅಲ್ವಾ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಸೊಪ್ಪಿನ ಚೀಲ ಮುಖಕ್ಕೆ ಹಿಡಿದು. ಮಹೇಶ್ ಮಾತ್ರ ನಗಲಿಲ್ಲ.

"ಬೈದಿದ್ದು ಹೋಗಲಿ ಬಿಡಿ, ದೊಡ್ಡೋರು. ಆದ್ರೆ ಈಗ ನೀವೇ ಕಂಡ್ರಲ್ಲ? ಅಂಗಡಿ ಹೆಸರು ಬರೋತನಕ ಒಬ್ಬರೂ ಕಾಯಲ್ಲ. ಮುಂದಿನದಕ್ಕೆ ನಾನು ಬೇರೆಯವರನ್ನ ನೋಡ್ಕೋತೀನಿ."

ಮೋಸಗಾರ ಅಂದಾಗ ಸಂತೆಯ ಆ ತುದಿಗೆ ಕೇಳಿದ್ದ ದನಿ ಈಗ ಪಕ್ಕದಲ್ಲಿ ನಿಂತವರಿಗೂ ಕೇಳಲಿಲ್ಲ. ಏನೋ ಅಂದರು, ಏನೆಂದು ಯಾರೂ ಕೇಳಲೂ ಇಲ್ಲ. ಮಗನ ಹಿಂದೆ ನಡೆದುಹೋದರು.

ಸಂಜೆ ಸುಲೋಚನಮ್ಮನ ಬ್ಲೌಸ್ ಕೊಡಲು ಒಳಗೆ ಹೋದರೆ ಕೀರ್ತಿಕುಮಾರ ಅಪ್ಪನ ಅಪ್ಪಣೆಯಂತೆ ಬೇಲಿ ತೆಗೆಯುತ್ತಿದ್ದ. ನನ್ನ ಮನೇಲಿ ಒಂದು ಸಲ, ಪೂರ್ತಿ, ಕೇಳಬೇಕು ಅಂದರಂತೆ. ತೆಗೆದದ್ದೇ ತಡ, ಹೊರಗೆ ಕಾದಿದ್ದ ದಂಡೆಲ್ಲ ಒಳಗೆ ನುಗ್ಗಿತು. ಮಂಡಿ ಎಣ್ಣೆ, ಕೂದಲೆಣ್ಣೆ, ಸಾಲ, ಸೈಟು. ಕರಿಬಸಪ್ಪನವರು ಒಂದನ್ನೂ ಮುಚ್ಚದೆ, ಎಲ್ಲರ ಕೂಗನ್ನೂ ಕೊನೆತನಕ ಕೇಳುತ್ತ ತಮ್ಮ ಸರದಿ ಕಾದರು. ಮಾಡಿದ್ದುಣ್ಣೋ ಮಹರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅದು ಬಂದದ್ದು ಅವರ ಫೋನಿನಲ್ಲಲ್ಲ. ಬಾಗಿಲ ಹತ್ತಿರ ಸೊಸೆಯ ಜೊತೆ ಲೂಡೋ ಆಡುತ್ತಿದ್ದ ಸುಲೋಚನಮ್ಮನ ಫೋನಿನಲ್ಲಿ. ಮಹಾಜನಗಳೇ ಎಂದದ್ದು ಕೇಳಿ ಕರಿಬಸಪ್ಪನವರು ಪಂಚೆ ಸರಿಮಾಡಿಕೊಂಡು ಎದ್ದುನಿಂತರು. ತಾಯಂದಿರೇ ಎನ್ನುವಷ್ಟರಲ್ಲಿ ಸುಲೋಚನಮ್ಮ ತಲೆಯೆತ್ತದೆ ಬೆರಳಿಟ್ಟರು. ದನಿ ನಿಂತಿತು.

"ಯಾಕೆ ಮುಚ್ಚಿದೆ?"

"ಯಾವುದ?"

"ನನ್ನ ದನಿ ಕಣೇ."

"ಓ, ನಿಮ್ದಾ? ಯಾರೋ ಕೂಗ್ತಾವ್ರೆ ಅನ್ಕೊಂಡೆ."

"ಒಂದ್ಸಲ ಪೂರ್ತಿ ಕೇಳಬಾರ್ದಾ?"

ಸುಲೋಚನಮ್ಮ ಫೋನನ್ನು ನೆಲದ ಮೇಲೆ ಬೋರಲು ಹಾಕಿದರು. ಕೋಪವೇನೂ ಇರಲಿಲ್ಲ. "ಅಷ್ಟು ವರ್ಸ ಊರಿಗೆಲ್ಲ ಕೂಗಿ ಬಂದು, ಗಂಟಲು ನೋಯ್ತದೆ ಮಾತಾಡಿಸ್ಬೇಡ ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ರಿ. ಈಗ ಎದುರಿಗೇ ಇದ್ದೀರಲ್ಲ, ಫೋನ್ಯಾಕೆ? ಕೂತ್ಕಂಡು ಹೇಳಿ. ಪೂರ್ತಿ ಕೇಳ್ತೀನಿ."

ಕರಿಬಸಪ್ಪನವರು ಕೂತರು. ಗಂಟಲು ಸರಿಮಾಡಿಕೊಂಡರು. ಮೈಕಿಲ್ಲದ ಮುಷ್ಟಿ ತಾನಾಗಿ ಬಾಯಿಯ ಹತ್ತಿರ ಹೋಗಿ ಕೆಳಗಿಳಿಯಿತು. ಸುಲೋಚನಮ್ಮ ನಿಜವಾಗಿಯೂ ಕಾಯುತ್ತಿದ್ದರು. ಶರ್ಮಿಳಾ ಆಟ ನಿಲ್ಲಿಸಿದಳು. ಬೆಳಿಗ್ಗೆ ಅಷ್ಟು ನಕ್ಕ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಏನಾದರೂ ಹೇಳಿಬಿಡಲಿ ದೇವರೇ ಎನಿಸಿತು.

"ಸಾರು... ಏನು ಮಾಡಿದೀಯ?" ಎಂದರು ಕಡೆಗೆ.

"ಹುರುಳಿಕಾಳಿಂದು" ಅಂದರು ಸುಲೋಚನಮ್ಮ. ಇನ್ನೇನಾದರೂ ಹೇಳುತ್ತಾರೇನೋ ಎಂದು ಅವರ ಮುಖ ನೋಡಿ, ಫೋನು ಎತ್ತಿಕೊಂಡು ದಾಳ ಹಾಕಿದರು.