ಕರ್ಚಿಕಾಯಿಯ ಗಡ್ಡೆ ಕಿತ್ತ ಅಳಿಯ

ನಾನು ಗದಗಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಕಾಡುಸಸ್ಯಗಳನ್ನು ಉಳಿಸುವುದು ಹೇಗೆ ಎಂಬ ಪಾಠವನ್ನು ಕಣ್ಣು ಮುಚ್ಚಿಕೊಂಡು ಒಂದು ತಾಸು ಹೇಳಬಲ್ಲೆ. ಹುಡುಗರೂ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.

ಹೆಂಡತಿಯ ತವರು ಮುಂಡರಗಿ ಕಡೆ, ಕಪ್ಪತಗುಡ್ಡದ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಅಲ್ಲಿಯ ಎರೆಹೊಲದ ಬದುವಿನ ಮೇಲೆ ಕರ್ಚಿಕಾಯಿ ಬಳ್ಳಿ ತಾನಾಗಿಯೇ ಹಬ್ಬುತ್ತದೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಸಣ್ಣ ಕಹಿಕಾಯಿ, ಶೇಂಗಾಪುಡಿ ಹಾಕಿ ಹುರಿದರೆ ನಾನು ಮೂರು ರೊಟ್ಟಿಗೆ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಅತ್ತೆಯ ಮನೆಗೆ ಸಂತೆಯ ಕಾಯಿಪಲ್ಯ ಬರುವುದೇ ಅಪರೂಪ.

ಮದುವೆಯಾದ ಮೊದಲ ಮಳೆಗಾಲ, ಅತ್ತೆ ಮತ್ತು ಹೆಂಡತಿಯ ಜೊತೆ ನಾನೂ ಬದುವಿಗೆ ಹೋದೆ. ಅವರಿಬ್ಬರೂ ಕಾಯಿ ಬಿಡಿಸುತ್ತ ಮುಂದೆ ಹೋದರು. ನನಗೆ ಕಾಲೇಜಿನ ಲ್ಯಾಬು ನೆನಪಾಯಿತು. ಹುಡುಗರಿಗೆ ಗಡ್ಡೆ ಸಮೇತ ಬಳ್ಳಿ ತೋರಿಸಿದರೆ ಎಷ್ಟು ಚಂದ! ಕುರ್ಪಿ ತಗೊಂಡು ಒಂದು ಅಗೆದೆ. ಪಕ್ಕದ್ದು ಅದಕ್ಕಿಂತ ದಪ್ಪ ಇರಬಹುದು ಅನಿಸಿತು. ಅದರ ಪಕ್ಕದ್ದು ಇನ್ನೂ ದಪ್ಪ. ಒಟ್ಟು ಒಂಬತ್ತು ಗಡ್ಡೆಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋಗಿ, ದೊಡ್ಡ ಸಾಧನೆ ಮಾಡಿದವನ ಹಾಗೆ ಅತ್ತೆಯ ಮುಂದೆ ಬಿಚ್ಚಿದೆ.

ಅತ್ತೆಯ ಮುಖ ಕಪ್ಪಿಟ್ಟಿತು. ಆದರೆ ನಮ್ಮ ಕಡೆ ಅಳಿಯನಿಗೆ ಬೈಯುವಂತಿಲ್ಲ. ಅವರು ಜಾಲಿಗಿಡಕ್ಕೆ ಕಟ್ಟಿದ್ದ ಆಡಿನ ಕಡೆ ತಿರುಗಿದರು.

"ಏ ಆಡ, ಕಾಯಿ ತಿಂದ್ರ ಸಾಲದಾತೇನು ನಿನಗ? ಗಡ್ಡಿನ ಕಿತ್ತರ ಬರೂ ವರ್ಷ ಬಳ್ಳಿ ಎಲ್ಲಿಂದ ಬರಬೇಕು? ನಮ್ಮವ್ವ, ಅವರವ್ವ ತಿಂದು ಉಳಿಸಿದ್ದನ್ನ ಒಂದ ತಾಸಿನ್ಯಾಗ ಮುಗಿಸಿದೆಲ್ಲ! ಎಷ್ಟು ಓದೀದಿ ನೀ?"

ಆಡು ಪಾಪ, ನನ್ನ ಮುಖ ನೋಡಿತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಗೆದ ಗುಂಡಿಗಳಲ್ಲೇ ಒಂಬತ್ತನ್ನೂ ಮತ್ತೆ ಹುಗಿದು ಬಂದೆ. ಊಟಕ್ಕೆ ಕೂತಾಗ ಅತ್ತೆ ಅಳಿಯನಿಗೆ ಬಡಿಸಬೇಕಾದಷ್ಟು ತುಪ್ಪ ಬಡಿಸಿದರು. ಆ ತುಪ್ಪಕ್ಕಿಂತ ನನಗೇ ನೇರವಾಗಿ ಬೈದಿದ್ದರೆ ವಾಸಿಯಿತ್ತು ಅನಿಸಿತು.

ವರ್ಷವಿಡೀ ಆ ಗುಂಡಿಗಳದ್ದೇ ಚಿಂತೆ. ಫೋನ್ ಮಾಡಿದಾಗಲೆಲ್ಲ ಅತ್ತೆ "ಆರಾಮ ಅದೇವ್ರಿ" ಎನ್ನುತ್ತಿದ್ದರು, ಬಳ್ಳಿಯ ಸುದ್ದಿ ತೆಗೆಯುತ್ತಿರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಮುಂದಿನ ಮಳೆಗಾಲ ಹೋಗಿ ನೋಡಿದರೆ ಆರು ಗಡ್ಡೆ ಚಿಗುರಿ ಹಬ್ಬಿದ್ದವು, ಮೂರು ಸತ್ತಿದ್ದವು. ನಾನು ಸುಮ್ಮನೆ ಅತ್ತೆಯ ಹಿಂದೆ ಕಾಯಿ ಬಿಡಿಸತೊಡಗಿದೆ. ಒಂದು ಬಳ್ಳಿಯಲ್ಲಿ ಕೊನೆಯದೊಂದು ದಪ್ಪ ಕಾಯಿ ಉಳಿದಿತ್ತು. ಕೈ ಹಾಕಿದೆ. ಫಟ್ಟನೆ ಕೈ ಮೇಲೆ ಪೆಟ್ಟು ಬಿತ್ತು.

"ಅದನ್ನ ಬಿಡ್ರಿ! ಅದು ಹಣ್ಣಾಗಿ ಒಡದು ಬೀಜ ಬೀಳಬೇಕು. ಹ್ವಾದ ವರ್ಷ ಮೂರು ಬಳ್ಳಿ ಕೊಂದೀರಿ, ಇನ್ನೂ ಬುದ್ಧಿ ಬರಲಿಲ್ಲೇನು ನಿಮಗ?"

ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಅತ್ತೆ ಏನೂ ಆಗದವರಂತೆ ಮುಂದಿನ ಬಳ್ಳಿಗೆ ಹೋದರು. ನಾನು ಕೈ ಉಜ್ಜಿಕೊಳ್ಳುತ್ತ ನಿಂತೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.