ಬಿಳಿ ಗುಳಿಗೆಯ ಐದು ದಿನ

ಬ್ಯಾಡಗಿಯಲ್ಲಿ ಎದೆ ಉರಿಯುತ್ತದೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಸುಗ್ಗಿ ಶುರುವಾಗಿ ಪೇಟೆಯಲ್ಲಿ ಮೆಣಸಿನಕಾಯಿ ರಾಶಿ ಬಿದ್ದವೆಂದರೆ ಊರಿಗೆ ಊರೇ ಸೀನುತ್ತದೆ, ಕೆಮ್ಮುತ್ತದೆ, ಎದೆ ಉಜ್ಜಿಕೊಳ್ಳುತ್ತದೆ. ಹಾಗಾಗಿ ನಮ್ಮವರು ಪೇಟೆಯಿಂದ ಬಂದು, ಎದೆ ಉರಿಯುತ್ತಿದೆ, ಎಡಗೈ ಜೋಮು ಹಿಡಿದಿದೆ ಎಂದಾಗ ನಾನು ಒಂದು ಚೆಂಬು ಮಜ್ಜಿಗೆ ಕೊಟ್ಟು ರೊಟ್ಟಿ ಬಡಿಯಲು ಕುಳಿತೆ. ಮಜ್ಜಿಗೆ ಕುಡಿದು ಅವರು ಗೋಡೆಗೆ ಒರಗಿದರು. ಅಂಗಿ ಹಸಿಯಾಗಿ ಮೈಗೆ ಅಂಟಿತ್ತು. ಚಳಿಗಾಲದಲ್ಲಿ ಅಷ್ಟು ಬೆವರನ್ನು ನಾನು ಕಂಡಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಎದ್ದೆ.

ನಮ್ಮವರು ಪೇಟೆಯಲ್ಲಿ ಹಮಾಲರು. ಮೂವತ್ತು ವರ್ಷ ಚೀಲ ಹೊತ್ತ ಬೆನ್ನು. ನಾನು ಅದೇ ಪೇಟೆಯ ದಲಾಲಿ ಅಂಗಡಿಯಲ್ಲಿ ಕಾಯಿಯ ತೊಟ್ಟು ಬಿಡಿಸುವವಳು, ಬಣ್ಣ ನೋಡಿ ಆರಿಸುವವಳು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಇರುವ ಒಬ್ಬ ಮಗಳನ್ನು ರಾಣೆಬೆನ್ನೂರಿನ ಹತ್ತಿರ ಹಲಗೇರಿಗೆ ಕೊಟ್ಟಿದ್ದೆವು.

ಹಾವೇರಿಯಲ್ಲಿ ಇಸಿಜಿ ತೆಗೆದು, ಇದು ಹಾರ್ಟಿನದು, ಲಗೂ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೊಡೆಯ ಸಂದಿಯಿಂದ ಒಂದು ಸಣ್ಣ ನಳಿಕೆ ತೂರಿಸಿ, ಅದನ್ನು ಹಾರ್ಟಿನ ತನಕ ಒಯ್ದರು. ಡಾಕ್ಟರು ನನ್ನನ್ನು ಕರೆದು ಟಿವಿಯಲ್ಲಿ ತೋರಿಸಿದರು. ಎಲೆ ಉದುರಿದ ಮೆಣಸಿನ ಗಿಡದ ಹಾಗೆ ರಕ್ತನಾಳಗಳು ಕಂಡವು. ಒಂದು ಕೊಂಬೆ ಅರ್ಧಕ್ಕೇ ನಿಂತುಹೋಗಿತ್ತು.

"ಇಲ್ಲಿ ಬಂದ್ ಆಗೇತಿ ನೋಡ್ರಿ ಅಮ್ಮಾರ. ಬಲೂನಿಲೆ ತೆರದು, ಒಳಗ ತಂತಿ ಬಲಿ ಇಡ್ತೇವಿ. ಸ್ಟೆಂಟ್ ಅಂತಾರ ಅದಕ್ಕ."

"ಮುಂದ ಅದನ್ನ ತಗೀತೀರೇನ್ರಿ?"

"ಇಲ್ಲ. ಅದು ಅಲ್ಲೇ ಇರತೈತಿ."

ಒಂದು ತಾಸಿನಲ್ಲಿ ಕೆಲಸ ಮುಗಿಯಿತು. ನಾನು ಒಳಗೆ ಹೋದಾಗ ನಮ್ಮವರು ಅಂಗಾತ ಮಲಗಿದ್ದರು. ತೊಡೆಯ ಸಂದಿಯಿಂದ ರಕ್ತ ಬರಬಾರದೆಂದು ಅದರ ಮೇಲೆ ಮರಳಿನ ಚೀಲ ಇಟ್ಟಿದ್ದರು. ಕಾಲು ಅಲುಗಿಸುವಂತಿರಲಿಲ್ಲ.

"ನೋಡ್ಲೇ," ಅಂದರು. "ಹುಟ್ಟಿದಾಗಿಂದ ನಾ ಚೀಲದ ಕೆಳಗ. ಇಲ್ಲಿ ಬಂದ್ರೂ ಬಿಡಲಿಲ್ಲ."

"ಸುಮ್ನ ಮಕ್ಕೋರಿ. ಇದಕ್ಕ ಕೂಲಿ ಸಿಗೂದಿಲ್ಲ," ಅಂದೆ.

ಮನೆಗೆ ಕಳಿಸುವ ದಿನ ಡಾಕ್ಟರು ಒಂದು ಪಟ್ಟಿ ಗುಳಿಗೆ ಎತ್ತಿ ಹಿಡಿದರು. ಗುಲಾಬಿ ಬಣ್ಣದವು.

"ಉಳಿದವನ್ನ ಒಂದ ಹೊತ್ತು ಮರತರೂ ನಡದೀತು. ಇದನ್ನ ಮರೀಬ್ಯಾಡ್ರಿ. ಒಳಗ ಇಟ್ಟ ತಂತಿ ಮ್ಯಾಲ ರಕ್ತ ಹೆಪ್ಪುಗಟ್ಟತೈತಿ. ಗಟ್ಟಬಾರದು ಅಂದ್ರ ಇದು ಬೇಕು. ಒಂದ ವರ್ಷ, ಒಂದ ದಿನಾನೂ ತಪ್ಪಬಾರದು. ಯಾರು ಕೊಡಾವ್ರು ಮನಿಯಾಗ?"

"ನಾನರಿ," ಅಂದೆ.

ನಾನು ಮೂರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಗುಳಿಗೆಯ ಪಟ್ಟಿಯ ಮೇಲೆ ಇರುವುದೆಲ್ಲ ಇಂಗ್ಲಿಷು. ಆಸ್ಪತ್ರೆಗೆ ಬಂದಿದ್ದ ಮಗಳು ಅದನ್ನು ಓದಬಲ್ಲಳು. ಅವಳು ಒಂದು ಹಾಳೆಯಲ್ಲಿ ಬರೆದುಕೊಡುತ್ತೇನೆ ಅಂದಳು. ನಾನು ಬೇಡ ಅಂದೆ.

"ಬಣ್ಣದ ಮ್ಯಾಲ ನನಗ ತಿಳೀತೈತಿ ಬಿಡ. ಮುಂಜಾನೆ ಗುಲಾಬಿ, ಅದರ ಕೂಡ ಬಿಪಿದು ಬಿಳೇದು, ಮಕ್ಕೊಳ್ಳಾಗ ಹಳದಿ. ಮೆಣಸಿನಕಾಯಿ ಆರಸಾಕಿಗೆ ಮೂರ ಗುಳಿಗಿ ಆರಸಾಕ ಬರೂದಿಲ್ಲೇನ?"

ಅದು ಬಡಾಯಿ ಆಗಿರಲಿಲ್ಲ. ಪೇಟೆಯಲ್ಲಿ ನನ್ನ ಕಣ್ಣಿಗೆ ಬೆಲೆ ಇತ್ತು. ಈ ವರ್ಷದ ಕಾಯಿ ಯಾವುದು, ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿ ಬಂದ ಹಳೆಯದು ಯಾವುದು ಎಂದು ರಾಶಿಯ ಮುಂದೆ ನಿಂತು ಹೇಳುತ್ತಿದ್ದೆ. ಬಣ್ಣ ಬಿಟ್ಟು ಬೆಳ್ಳಗಾದ ಕಾಯಿಗೆ ಬಿಳಿಗಾಯಿ ಅನ್ನುತ್ತೇವೆ. ಒಂದು ಬಿಳಿಗಾಯಿ ಕೆಂಪು ರಾಶಿಗೆ ಹೋಗದಂತೆ ನನ್ನ ಕೈ ತಾನಾಗಿ ಎತ್ತಿ ಆಚೆ ಒಗೆಯುತ್ತಿತ್ತು. ಖರೀದಿದಾರರು ಕೂಡ, ಈ ಯಮ್ಮ ಆರಿಸಿದ್ದರೆ ಮತ್ತೆ ನೋಡುವುದು ಬೇಡ ಅನ್ನುತ್ತಿದ್ದರು.

ಹಬ್ಬ ಇರಲಿ, ಜ್ವರ ಇರಲಿ, ಹನ್ನೊಂದು ತಿಂಗಳು ನಾನು ಒಂದು ದಿನವೂ ತಪ್ಪಿಸಲಿಲ್ಲ. ನಮ್ಮವರಿಗೆ ಭಾರ ಹೊರುವುದು ನಿಂತಿತ್ತು. ಮನೆಯಲ್ಲಿ ಕುಳಿತು ಬೇಸರವಾಗಿ, ಸಾರಿಗೆ ಉಪ್ಪಿಲ್ಲ, ಅಂಗಳ ಕಸ ಹೊಡೆದಿಲ್ಲ ಎಂದು ನನ್ನ ಮೇಲೆ ಹರಿಹಾಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ಮತ್ತೆ ಸುಗ್ಗಿ ಬಂತು. ನಾನು ಬೆಳಿಗ್ಗೆ ಗುಳಿಗೆ ನುಂಗಿಸಿ ಪೇಟೆಗೆ ಹೋಗುತ್ತಿದ್ದೆ.

ಔಷಧದ ಅಂಗಡಿಗೆ ಖಾಲಿ ಪಟ್ಟಿ ಒಯ್ದು ತೋರಿಸುವುದು, ಅಂಥದ್ದೇ ತರುವುದು ನನ್ನ ಪದ್ಧತಿ. ಆ ದಿನವೂ ಖಾಲಿ ಪಟ್ಟಿ ಕೊಟ್ಟೆ. ಅಂಗಡಿಯವನು ಒಳಗಿನಿಂದ ತಂದ ಪಟ್ಟಿಯಲ್ಲಿ ಬಿಳಿ ಗುಳಿಗೆ ಇದ್ದವು.

"ಇದಲ್ಲ," ಅಂದೆ.

"ಇದ ಐತ್ರಿ ಅವ್ವಾರ. ಔಷಧ ಒಂದ, ಕಂಪನಿ ಬ್ಯಾರೆ. ಆ ಕಂಪನಿದು ಮಾಲ್ ಬಂದಿಲ್ಲ."

"ನೀನೂ ಎರಡೂ ಒಂದ ಮಾಲ್ ಅಂತಿ, ಪ್ಯಾಟ್ಯಾಗ ದಲಾಲಿನೂ ಹಳೇದು ಹೊಸಾದು ಒಂದ ಮಾಲ್ ಅಂತಾನ. ಎಲ್ಲಾರೂ ಹಿಂಗ ಹೇಳಾವ್ರು. ಬಿಳೇದು ಬಿಪಿದು, ಅದು ಮನ್ಯಾಗ ಐತಿ. ಎರಡೆರಡ ನುಂಗಿ ಬಿಪಿ ಇಳದು ಬಿದ್ರ ನೀ ಬರ್ತೀಯೇನ ಎತ್ತಾಕ?"

"ಅಯ್ಯ, ಇದರ ಮ್ಯಾಲ ಹೆಸರ ಬರದೈತಲ್ಲರಿ, ಯಾರ ಕೈಲಾದ್ರೂ ಓದಸ್ರಿ."

"ನನಗ ಬಣ್ಣ ಕಲಿಸಾಕ ಬರಬ್ಯಾಡಪಾ."

ಅಂಗಡಿಯ ಮುಂದೆ ನಿಂತವರು ನಕ್ಕರು. ಅವನು ಮುಖ ಕೆಂಪಗೆ ಮಾಡಿಕೊಂಡು, ಪಟ್ಟಿಯನ್ನು ಕಾಗದದ ಚೀಲದಲ್ಲಿ ಹಾಕಿ ನನ್ನ ಮುಂದೆ ನೂಕಿದ. ನಾನು ಅದನ್ನು ತಂದು ಎಲೆ-ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡೆ. ಮಗಳು ಸೋಮವಾರ ಬರುವವಳಿದ್ದಳು. ಬಂದಾಗ ಓದಿಸಿ, ಸುಳ್ಳಾಗಿದ್ದರೆ ಅವನ ಮುಖಕ್ಕೆ ಒಗೆದು ಬರುವುದು ಎಂದುಕೊಂಡೆ. ಅಂದು ಬುಧವಾರ.

ಬೇರೆ ಯಾರಿಗಾದರೂ ತೋರಿಸಬಹುದಿತ್ತು. ನಮ್ಮ ದಲಾಲಿ ಅಂಗಡಿಯ ಗುಮಾಸ್ತನಿಗೇ ಓದಲು ಬರುತ್ತಿತ್ತು. ನನಗೆ ಯಾರನ್ನೂ ಕೇಳಬೇಕು ಅನ್ನಿಸಲಿಲ್ಲ. ಸಂಶಯವೇ ಇಲ್ಲದವಳು ಏನು ಕೇಳುತ್ತಾಳೆ? ಡಾಕ್ಟರು ಒಂದು ದಿನವೂ ತಪ್ಪಬಾರದು ಅಂದದ್ದು ಮರೆತಿರಲಿಲ್ಲ. ತಪ್ಪು ಗುಳಿಗೆ ಕೊಡುವುದಕ್ಕಿಂತ ಕೊಡದೆ ಇರುವುದು ಮೇಲು, ಹನ್ನೊಂದು ತಿಂಗಳು ನುಂಗಿದ್ದು ಐದು ದಿನ ಕಾಯ್ದೀತು ಎಂದು ನಾನೇ ತೀರ್ಮಾನ ಮಾಡಿದೆ.

ಗುರುವಾರ ನಮ್ಮವರು ಅಂಗೈ ನೋಡಿ ಕೇಳಿದರು. "ಗುಲಾಬಿ ಎಲ್ಲೈತಿ?"

"ಅಂಗಡ್ಯಾಗ ಬಂದಿಲ್ಲ. ಬರ್ತೈತಿ."

"ಬರದಿದ್ರ ಛಲೋ ಆತು. ಒಂದ ಕಡಿಮಿ ಆತು ನುಂಗೂದು," ಅಂದರು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಧೋತರ ಉಡುತ್ತಿದ್ದವರು ಮೊಣಕಾಲೂರಿ ಕುಸಿದರು. ಈ ಸಲ ನಾನು ಮಜ್ಜಿಗೆ ಕೊಡಲಿಲ್ಲ. ಎದುರು ಮನೆಯವರ ಜೀಪಿನಲ್ಲಿ ಹಾಕಿಕೊಂಡು ನೇರ ಹುಬ್ಬಳ್ಳಿಗೆ ಹೋದೆ. ದಾರಿಯುದ್ದಕ್ಕೂ ಅವರ ತುಟಿ ನೀಲಿ ಇತ್ತು. ಮಗಳು ಫೋನಿನಲ್ಲಿ ಸುದ್ದಿ ಕೇಳಿ ರಾಣೆಬೆನ್ನೂರಿನಿಂದ ರೈಲಿನಲ್ಲಿ ಬಂದಳು. ಅವಳು ಬರುವ ಹೊತ್ತಿಗೆ ಅವರನ್ನು ಮತ್ತೆ ಒಳಗೆ ಒಯ್ದು, ತೊಡೆಯಿಂದ ನಳಿಕೆ ಹಾಕಿ, ಬಲೂನಿನಿಂದ ತೆರೆದಿದ್ದರು. ಇಟ್ಟ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿತ್ತು.

ಅದೇ ಡಾಕ್ಟರು ಹೊರಗೆ ಬಂದರು. "ಗುಲಾಬಿ ಗುಳಿಗಿ ಬಿಟ್ಟಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು. "ಇಲ್ಲರಿ ಸಾಹೇಬ್ರ. ನಮ್ಮವ್ವ ಒಂದ ದಿನಾನೂ ತಪ್ಸಿಲ್ಲ. ತಾನರ ಉಪಾಸ ಇದ್ದಾಳು, ಗುಳಿಗಿ ತಪ್ಸಾಕಿ ಅಲ್ಲ."

ಡಾಕ್ಟರು ಹಣೆ ಉಜ್ಜಿಕೊಂಡರು. "ಹಂಗಾರ ಇವರ ಮೈಗೆ ಆ ಗುಳಿಗಿ ಹತ್ತಂಗಿಲ್ಲ ಕಾಣಸ್ತೈತಿ. ಅದನ್ನ ಬಿಟ್ಟು ಬ್ಯಾರೆ ನೋಡಬೇಕಾಗತೈತಿ."

ಮಗಳ ಕಡೆ ನೋಡಿದೆ. ನನ್ನನ್ನು ಹೊಗಳಿದ ಹೆಮ್ಮೆ ಅವಳ ಮುಖದಲ್ಲಿ ಇನ್ನೂ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂದು ಓಣಿಯಲ್ಲಿ ನನಗೆ ಹೆಸರಿತ್ತು. ಆ ಹೊತ್ತಿನಲ್ಲಿ ಸುಮ್ಮನೆ ಇದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಅನ್ನಿಸಿತು. ಅನ್ನಿಸಿದ್ದನ್ನು ಇಲ್ಲಿ ಬಚ್ಚಿಡುವುದಿಲ್ಲ. ಡಾಕ್ಟರು ಹಾಳೆಯ ಮೇಲೆ ಏನನ್ನೋ ಬರೆಯತೊಡಗಿದರು. ನಾನು ಹೇಳದಿದ್ದರೆ ಔಷಧವೇ ಬದಲಾಗುತ್ತದೆ ಎಂದು ಆಗ ತಿಳಿಯಿತು. ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಬಿಳಿ ಪಟ್ಟಿ ತೆಗೆದು ಅವರ ಮುಂದೆ ಹಿಡಿದೆ.

"ಐದ ದಿನ ಕೊಟ್ಟಿಲ್ಲರಿ. ಬಣ್ಣ ಬ್ಯಾರೆ ಅಂತ ನಾನ ಕೊಡಲಿಲ್ಲ."

ಅವರು ಪಟ್ಟಿ ತಿರುಗಿಸಿ ಓದಿದರು. "ಅದ ಔಷಧ ಇದು. ಕಂಪನಿ ಅಷ್ಟ ಬ್ಯಾರೆ." ಬರೆದದ್ದನ್ನು ಹೊಡೆದು ಹಾಕಿದರು. "ಹೇಳಿದ್ದು ಛಲೋ ಆತು. ಹೇಳದಿದ್ರ ನಾವು ದಾರಿ ತಪ್ಪತಿದ್ವಿ."

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಮಗಳೂ ಬೈಯಲಿಲ್ಲ. ಅವಳು ಗೋಡೆಯ ಹತ್ತಿರದ ಬೆಂಚಿಗೆ ಹೋಗಿ, ನನಗೆ ಜಾಗ ಬಿಡದೆ, ನಡುವೆ ಕುಳಿತಳು.

ಹಾರ್ಟಿಗೆ ಈ ಸಲ ಪೆಟ್ಟು ಹೆಚ್ಚಾಗಿತ್ತು. ಇನ್ನೂ ಎರಡು ಕೊಂಬೆ ಕಿರಿದಾಗಿದ್ದವು. ಇನ್ನು ನಳಿಕೆಯಿಂದ ಆಗುವ ಕೆಲಸ ಅಲ್ಲ, ಎದೆ ತೆರೆದು ಬೈಪಾಸ್ ಮಾಡಬೇಕು ಎಂದರು. ಕಾಲಿನಿಂದ ರಕ್ತನಾಳ ತೆಗೆದು, ಕಟ್ಟಿಕೊಂಡ ಜಾಗ ಬಳಸಿ ಹೋಗುವಂತೆ ಹಾರ್ಟಿಗೆ ಹೊಲಿಯುವುದು. ವಾರದ ನಂತರ ಮಾಡಿದರು. ಬೆಳಿಗ್ಗೆ ಒಳಗೆ ಒಯ್ದವರು ಮಧ್ಯಾಹ್ನ ಊಟದ ಹೊತ್ತು ಮೀರಿದರೂ ಹೊರಗೆ ಬರಲಿಲ್ಲ. ಸೋಮವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಮಗಳು ಆ ಹೊತ್ತಿಗೆ ಮೊದಲ ಸಲ ಮಾತಾಡಿದಳು.

"ಚಾ ಕುಡೀತೀಯೇನಬೇ?"

"ಕುಡೀತೇನಿ," ಅಂದೆ.

ಬದುಕಿದರು. ಎದೆಯ ನಡುವೆ ಕತ್ತಿನ ಕೆಳಗಿನಿಂದ ಹೊಟ್ಟೆಯ ತನಕ ಹೊಲಿಗೆ, ಎಡಗಾಲಿನಲ್ಲಿ ಹಿಮ್ಮಡಿಯಿಂದ ಮೊಣಕಾಲಿನ ತನಕ ಇನ್ನೊಂದು. ಕೊಯ್ದ ಎಲುಬನ್ನು ತಂತಿಯಿಂದ ಬಿಗಿದಿದ್ದರು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿ ಹಿಡಿದು ಕೆಮ್ಮಬೇಕು, ಇಲ್ಲದಿದ್ದರೆ ಎಲುಬು ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು. ಆಗ ಬ್ಯಾಡಗಿಯಲ್ಲಿ ಸುಗ್ಗಿ ತುಂಬಿತ್ತು. ಆ ಘಾಟಿನಲ್ಲಿ ಗಟ್ಟಿ ಎದೆಯವರೇ ಕೆಮ್ಮಿ ಕೆಮ್ಮಿ ಬಾಗುತ್ತಾರೆ. ಹೊಲಿದ ಎದೆಯನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ಹಲಗೇರಿಗೆ, ಮಗಳ ಮನೆಗೆ ಹೋದೆವು. ನನ್ನ ಸುಗ್ಗಿ ಅಲ್ಲಿಗೆ ಮುಗಿಯಿತು.

ಯಾಕೆ ಹೀಗಾಯಿತು ಎಂದು ನಮ್ಮವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಎಲುಬು ಕೂಡಲಿ, ಹೊಲಿಗೆ ಒಣಗಲಿ ಎಂದು ನೆವ ಹುಡುಕುತ್ತಿದ್ದೆ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಅವರ ಕಾಲಿನ ಹೊಲಿಗೆಗೆ ಮುಲಾಮು ಹಚ್ಚುತ್ತ, ಮುಖ ಎತ್ತದೆ ಹೇಳಿದೆ. ಬಿಳಿ ಪಟ್ಟಿ, ಸಂಚಿ, ಐದು ದಿನ, ಎಲ್ಲ.

ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಆಮೇಲೆ, "ಅಂದ್ರ ನನ್ನ ಗುಳಿಗೀನ ಬಿಳಿಗಾಯಿ ಅಂತ ತಿಳದು ಆಚಿ ಒಗದಿ," ಎಂದು ನಗಲು ಹೋದರು. ನಗು ಕೆಮ್ಮಾಯಿತು. ನಾನು ದಿಂಬು ಒತ್ತಿ ಹಿಡಿದೆ. ಕೆಮ್ಮು ನಿಂತ ಮೇಲೆ ನನ್ನ ಕೈ ಸರಿಸಿದರು.

"ಡಾಕ್ಟರ್ ಮುಂದ ಅವತ್ತ ಹೇಳೀದಿ. ನನಗ ಹೇಳಾಕ ಎರಡ ತಿಂಗಳ ಬೇಕಾತು."

"ಹೌದು," ಅಂದೆ.

ಮರುದಿನದಿಂದ ಅವರು ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು, ಬಾಯಿಗೆ ಹಾಕುವ ಮೊದಲು ನನ್ನ ಮುಖ ನೋಡಿ ಕೇಳತೊಡಗಿದರು. "ಖರೇ ಮಾಲ್ ಹೌದಿಲ್ಲೋ?" ಆಮೇಲೆ ಬದುಕಿದ್ದ ಆರು ವರ್ಷವೂ ಕೇಳಿದರು. ಬಂದವರಿಗೆ ಅದು ತಮಾಷೆ. ಅವರಿಗೂ ತಮಾಷೆ ಇದ್ದೀತು. ನಾನು ನೀರಿನ ಚೆಂಬು ಮುಂದೆ ಮಾಡುತ್ತಿದ್ದೆ.

ಬ್ಯಾಡಗಿಗೆ ಮರಳಿದ ಮೇಲೆ ಔಷಧದ ಅಂಗಡಿಗೆ ಹೋಗಿ, ನಿನ್ನ ಮಾತು ಖರೇ ಇತ್ತು ಅಂದೆ. ಅವನು ಪೆನ್ನು ತೆಗೆದು ಪ್ರತಿ ಪಟ್ಟಿಯ ಹಿಂದೆ ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟ: ರಕ್ತದ್ದು, ಬಿಪಿದು, ಕೊಬ್ಬಿನದು. ಆ ದಿನವೇ ಹಾಗೆ ಬರೆದಿದ್ದರೆ ನಾನು ಕೂಡಿಸಿ ಓದುತ್ತಿದ್ದೆ. ಬರೆದುಕೊಡು ಎಂದು ನಾನೇ ಕೇಳಿರಲಿಲ್ಲ.

ಮುಂದಿನ ಸುಗ್ಗಿಗೆ ಮತ್ತೆ ಕಾಯಿ ಆರಿಸಲು ಕುಳಿತೆ. ಕಣ್ಣು ಮೊದಲಿನ ಹಾಗೇ ಇದ್ದವು. ಬಿಳಿಗಾಯಿ ಕೈಗೆ ಬಂದಾಗ ಮಾತ್ರ ಕೈ ನಿಲ್ಲುತ್ತಿತ್ತು. ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಆಮೇಲೆ ಒಗೆಯುತ್ತಿದ್ದೆ. ಪಕ್ಕದವಳ ಬುಟ್ಟಿ ತುಂಬುವಾಗ ನನ್ನದು ಅರ್ಧ ಇರುತ್ತಿತ್ತು.

"ಯಾಕಬೇ, ಕಣ್ಣ ಮಂಜಾದುವೇನ? ಅಷ್ಟ್ಯಾಕ ನೋಡ್ತಿ? ಬಿಳಿಗಾಯಿ ಅದು, ಒಗಿ," ಎಂದು ಅವಳು ನಗುತ್ತಿದ್ದಳು.

"ತಡಿಯ, ನೋಡಿ ಒಗೀತೇನಿ," ಅನ್ನುತ್ತಿದ್ದೆ.