ಮುನ್ನೂರ ಹನ್ನೆರಡು ಕತ್ತಿಗಳ ಎಣ್ಣೆ ಅಕ್ಕ

ಬೆಳಗಿನ ಆರೂವರೆ. ಮ್ಯೂಸಿಯಂ ಬಾಗಿಲು ತೆರೆಯಲು ಇನ್ನೂ ಮೂರೂವರೆ ಗಂಟೆಯಿದೆ. ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಮಾತ್ರ ದೀಪ. ಐವತ್ತಾರರ ಹೆಂಗಸೊಬ್ಬರು ಮೇಜಿನ ಮೇಲೆ ಕತ್ತಿಯನ್ನು ಮಲಗಿಸಿಕೊಂಡು, ಹಿಡಿಯಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಒರೆಸುತ್ತಿದ್ದಾರೆ. ಒರೆಸಿದ ಬಟ್ಟೆಯನ್ನು ಮೂಗಿಗೆ ಹಿಡಿಯುತ್ತಾರೆ.

"ಕಮಟು ಬಂದರೆ ಅಲಗಿಗೆ ಹುಷಾರಿಲ್ಲ ಅಂತ ಅರ್ಥ. ಇದು ಚೆನ್ನಾಗಿದೆ, ಬಿಡಿ."

ಇಲ್ಲಿ ಎಲ್ಲರಿಗೂ ಇವರು 'ಎಣ್ಣೆ ಅಕ್ಕ'. ಹಳೆಯ ಕಾಲದ ಕತ್ತಿ, ಕಠಾರಿಗಳು ಒಟ್ಟು ಮುನ್ನೂರ ಹನ್ನೆರಡು. ದಿನಕ್ಕೆ ಹನ್ನೆರಡರಂತೆ ತಿಂಗಳಿಗೊಮ್ಮೆ ಪ್ರತಿಯೊಂದರ ಸರದಿ ಬರುತ್ತದೆ. ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ವರ್ಷ ಅಕ್ಕ ಇಲ್ಲಿಗೆ ಕಸ ಗುಡಿಸಲು ಬಂದವರು. ಆಗ ಕತ್ತಿಗಳನ್ನು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಐದು ಬಾಟಲಿ ಮುಂದಿಟ್ಟು, "ಯಾವುದು ಹಚ್ತೀಯಮ್ಮಾ?" ಎಂದು ಕೇಳಿದರಂತೆ. ಅಕ್ಕ ಗಂಧದ ಪರಿಮಳದ್ದನ್ನು ತೋರಿಸಿದರು. "ಕತ್ತಿ ಮದುವೆಮನೆಗೆ ಹೊರಟಿದೆಯಾ?" ಎಂದು ಮುದುಕರು ನಕ್ಕುಬಿಟ್ಟರು.

ಒಂದು ವರ್ಷ ಅವರು ಅಸಲಿ ಕತ್ತಿ ಮುಟ್ಟಗೊಡಲಿಲ್ಲ. ಅಡುಗೆಮನೆಯ ಹಳೇ ಚಾಕುಗಳಿಗೆ ಒಂದೊಂದು ಎಣ್ಣೆ ಹಚ್ಚಿ ಕಿಟಕಿಯಲ್ಲಿಟ್ಟು ಕಾಯಬೇಕು. ಕೊಬ್ಬರಿ ಎಣ್ಣೆ ಕಮಟಿತು, ಎಳ್ಳೆಣ್ಣೆ ಅಂಟಾಯಿತು. ನೀರು ಬೆರೆತ ಗುಲಾಬಿ ಎಣ್ಣೆ ಹಚ್ಚಿದ ಚಾಕುವಿಗೆ ನಾಲ್ಕೇ ದಿನದಲ್ಲಿ ಕೆಂಪು ಚುಕ್ಕೆ ಬಿತ್ತು. ಕೊನೆಗೆ ನಿಂತದ್ದು ಹೊಲಿಗೆ ಮೆಷಿನ್ನಿನ ತಿಳಿ ಎಣ್ಣೆ. ನೂರು ಹನಿಗೆ ಒಂದು ಹನಿ ಲವಂಗದೆಣ್ಣೆ.

"ವಾಸನೆ ಕತ್ತಿಗಲ್ಲ, ನನಗೆ," ಎನ್ನುತ್ತಾರೆ ಅಕ್ಕ. "ಡ್ರಾಯರ್ ಎಳೆದ ತಕ್ಷಣ ಲವಂಗ ಮೂಗಿಗೆ ಬಡಿಯಬೇಕು. ಬಡೀಲಿಲ್ಲ ಅಂದ್ರೆ ಎಣ್ಣೆ ಆರಿದೆ ಅಂತ ಲೆಕ್ಕ."

ಮೂರು ತಿಂಗಳ ಹಿಂದೆ ಮಗಳ ಹೆರಿಗೆಗೆಂದು ಅಕ್ಕ ಹನ್ನೊಂದು ದಿನ ರಜೆ ಹಾಕಿದರು. ಕೆಲಸ ಗೇಟಿನ ಕಾವಲುಗಾರನ ಪಾಲಿಗೆ ಬಂತು. ಬಾಟಲಿ ಮುಗಿದಿತ್ತು, ಅವನು ಅಂಗಡಿಯಿಂದ ನಿಂಬೆ ಪರಿಮಳದ, ಮರದ ಸಾಮಾನಿಗೆ ಹಚ್ಚುವ ಎಣ್ಣೆ ತಂದ. ನಲವತ್ತು ಕತ್ತಿಗಳಿಗೆ ಶ್ರದ್ಧೆಯಿಂದ ಬಳಿದ.

ಹಿಂದಿರುಗಿ ಬಾಗಿಲು ತೆಗೆದಾಗಲೇ ಅಕ್ಕನ ಮೂಗಿಗೆ ಲವಂಗದ ಬದಲು ನಿಂಬೆ ಬಡಿಯಿತು. ಡ್ರಾಯರ್ ಎಳೆದರೆ ಅಲಗುಗಳ ತುಂಬ ಕಂದು ಕಲೆ.

"ತುಕ್ಕಾ ಅಕ್ಕಾ?" ಕಾವಲುಗಾರ ಇಣುಕಿ ನೋಡಿದ. "ಘಮ ಅಂತಿತ್ತು, ಒಳ್ಳೇದೇ ಇರಬೇಕು ಅಂದ್ಕೊಂಡೆ."

ತುಕ್ಕಾಗಿದ್ದರೆ ಉಜ್ಜಿ ತೆಗೆಯಬೇಕು. ಉಜ್ಜಿದರೆ ಕಮ್ಮಾರ ಮೂಡಿಸಿದ ನವಿರಾದ ಗೆರೆಗಳೂ ಅಳಿಸಿಹೋಗುತ್ತವೆ. ಅಕ್ಕ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಎಲ್ಲಕ್ಕಿಂತ ಕೆಟ್ಟ ಕಲೆಯ ಮೇಲಿಟ್ಟರು. ಸ್ವಲ್ಪ ಹೊತ್ತು ಕಾದರು. ಎತ್ತಿದರೆ ಹತ್ತಿ ಕಂದಾಗಿತ್ತು, ಕೆಳಗೆ ಉಕ್ಕು ಬೆಳ್ಳಗೆ!

"ತುಕ್ಕಲ್ಲ ಕಣಪ್ಪಾ! ಎಣ್ಣೆ ಒಣಗಿ ಅಂಟಾಗಿದೆ, ಅಷ್ಟೇ," ಎಂದವರೇ ನೆಲದ ಮೇಲೆ ಕೂತುಬಿಟ್ಟರು. "ಆಮೇಲೆ ಇಬ್ಬರೂ ಹುಚ್ಚರ ಹಾಗೆ ನಕ್ಕೆವು," ಎಂದು ಈಗ ನೆನೆಯುತ್ತಾರೆ.

ನಲವತ್ತು ಕತ್ತಿಗಳ ಅಂಟು ಬಿಡಿಸಲು ಆರು ದಿನ ಹಿಡಿಯಿತು. ಒಂದರ ತುದಿಯಲ್ಲಿ ಮಾತ್ರ ಸಾಸಿವೆಕಾಳಿನಷ್ಟು ತುಕ್ಕು ಉಳಿದಿದೆ. ಮೇಲಧಿಕಾರಿ ಕೇಳಿದಾಗ ಅಕ್ಕ, "ಬಾಟಲಿ ತುಂಬಿಸಿಡದೆ ಹೋದ ತಪ್ಪು ನನ್ನದು," ಎಂದರು. ಕಾವಲುಗಾರ ಇದನ್ನು ಮರೆತಿಲ್ಲ. ವಾರಕ್ಕೆರಡು ದಿನ ಬೆಳಗ್ಗೆ ಬಂದು ಕಲಿಯುತ್ತಿದ್ದಾನೆ. ಇವತ್ತೂ ಕಣ್ಣುಮುಚ್ಚಿ ಬಾಟಲಿ ಮೂಸುತ್ತಿದ್ದಾನೆ. "ನೆಗಡಿ ಇದ್ದ ದಿನ ಅಕ್ಕ ಒಳಗೇ ಬಿಡಲ್ಲ," ಎಂಬುದು ಅವನ ದೂರು.

ಮುಂದಿನ ತಿಂಗಳು ಅಕ್ಕ ಮೊಮ್ಮಗಳನ್ನು ನೋಡಲು ಹದಿನೈದು ದಿನ ಹೋಗುತ್ತಾರೆ. "ಈ ಸಲ ನಿಶ್ಚಿಂತೆಯಾಗಿ ನಿದ್ದೆ ಮಾಡ್ತೀನಿ," ಎನ್ನುತ್ತ ಹನ್ನೆರಡನೆಯ ಕತ್ತಿಯನ್ನು ಒರೆಗೆ ಸೇರಿಸುತ್ತಾರೆ. "ಒಂದು ಕಾಲಕ್ಕೆ ಇವು ಎಷ್ಟು ಜನರನ್ನ ಕೊಂದವೋ. ನನ್ನ ಹತ್ತಿರ ಬಂದ ಮೇಲೆ ಯಾರಿಗೂ ಗಾಯ ಮಾಡಿಲ್ಲ."

ಆಮೇಲೆ ಎಡಗೈ ಹೆಬ್ಬೆರಳಿನ ಹಳೆಯ ಗೆರೆ ತೋರಿಸಿ ನಗುತ್ತಾರೆ. "ಇದೊಂದು ಬಿಟ್ಟು."